ಮಾಲ್ಟಾಗೆ ಎರಡು ದಿನ ಸಾಕಾ?

ಮಾಲ್ಟಾ ಅಂದ ತಕ್ಷಣ ಹೋಗಿ ಬಂದವರೂ ಹೋಗದವರೂ ಒಂದೇ ಮಾತು ಹೇಳುತ್ತಾರೆ. ಇಟಲಿಗೆ ಹೇಗೂ ಹೋಗ್ತೀರಲ್ಲ, ಹಾಗೇ ಎರಡು ದಿನ ಅಲ್ಲಿಗೂ ಹೋಗಿ ಬನ್ನಿ, ಸಾಕು. ಲೆಕ್ಕದಲ್ಲಿ ನೋಡಿದರೆ ಸರಿಯೇ ಅನ್ನಿಸುತ್ತದೆ. ಇಡೀ ದೇಶ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಸಿಸಿಲಿಯಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ, ಮೆಡಿಟರೇನಿಯನ್ ಸಮುದ್ರದ ನಡುವೆ ಜನ ವಾಸಿಸುವ ಮೂರು ದ್ವೀಪಗಳು: ಮಾಲ್ಟಾ, ಗೋಜೋ, ಕೊಮಿನೋ. ದೊಡ್ಡ ದ್ವೀಪದ ಉದ್ದವೇ 27 ಕಿಲೋಮೀಟರ್. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಆ ತುದಿಯಿಂದ ಈ ತುದಿಗೆ ಬಂದುಬಿಡಬಹುದು.

ಕೆಲವು ತಿಂಗಳಿಂದ ಈ ದೇಶದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದೇನೆ. ಕೂತಷ್ಟೂ ಒಂದು ಅನಿಸಿಕೆ ಗಟ್ಟಿಯಾಗುತ್ತಿದೆ. ದೇಶ ಚಿಕ್ಕದು, ಹಾಗಾಗಿ ಕಡಿಮೆ ದಿನ ಸಾಕು ಅನ್ನುವ ಲೆಕ್ಕ ಸರಿಯಿಲ್ಲ. ದೊಡ್ಡ ದೇಶಕ್ಕೆ ನಾವು ಯಾವಾಗ ಹೋದೆವು, ಹೇಗೆ ಹೋದೆವು ಅನ್ನುವುದು ಅಷ್ಟಾಗಿ ತಟ್ಟುವುದಿಲ್ಲ. ಚಿಕ್ಕ ದ್ವೀಪಕ್ಕೆ ತಟ್ಟುತ್ತದೆ. ಅಲ್ಲಿನ ನೀರು, ರಸ್ತೆ, ಬಸ್ಸು, ಮಲಗುವ ಜಾಗ ಎಲ್ಲಕ್ಕೂ ಒಂದು ಮಿತಿ ಇದೆ. ಅದನ್ನು ತಿಳಿದುಕೊಂಡು ಹೋಗಬೇಕು ಅಂತ ನನ್ನ ಆಸೆ.

ಹೊರಟಿರುವವರು ಮೂವರು. ನಾನು, ನಮ್ಮನೆಯವರು, ನನ್ನ ಅಮ್ಮ. ಅಮ್ಮನಿಗೆ ಎಪ್ಪತ್ತು ದಾಟಿದೆ. ಮಂಡಿ ನೋವಿದೆ, ಮೊಟ್ಟೆ ಕೂಡ ತಿನ್ನುವುದಿಲ್ಲ. ಆದರೆ ಹೊಸ ಊರು ನೋಡುವ ಆಸೆ ನಮ್ಮಿಬ್ಬರಿಗಿಂತ ಅವಳಿಗೇ ಜಾಸ್ತಿ. "ಆ ಊರಲ್ಲಿ ನಮಗೇನು ಸಂಬಂಧ ಹೇಳು, ಆಮೇಲೆ ಬರ್ತೀನಿ" ಅಂದಳು. ಹಾಗಾಗಿ ಸಂಬಂಧದಿಂದಲೇ ಶುರು ಮಾಡುತ್ತೇನೆ. ನಿಜವಾಗಿಯೂ ಒಂದು ಸಂಬಂಧ ಇದೆ.

ನಾವು ಮೈಸೂರಿನವರು. ಶ್ರೀರಂಗಪಟ್ಟಣದ ಕೋಟೆ, ಟಿಪ್ಪುವಿನ ದೇಹ ಸಿಕ್ಕಿದ ಜಾಗ ನಮಗೆ ಹೊಸದಲ್ಲ. ಶಾಲೆಯಿಂದ ಹೋಗಿದ್ದೇವೆ, ನೆಂಟರು ಬಂದಾಗ ಕರೆದುಕೊಂಡು ಹೋಗಿದ್ದೇವೆ. 1799ರ ಮೇ 4 ಅನ್ನುವ ತಾರೀಖು ಬಾಯಿಪಾಠ. ಆ ಕಥೆಯ ಇನ್ನೊಂದು ಎಳೆ ಹಿಂದಿನ ವರ್ಷ ಮಾಲ್ಟಾದ ಬಂದರನ್ನು ಮುಟ್ಟಿ ಹೋಗಿದೆ ಅನ್ನುವುದು ನನಗೆ ಇತ್ತೀಚಿನವರೆಗೂ ಹೊಳೆದಿರಲಿಲ್ಲ.

1798ರ ಜೂನ್‌ನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೊರಟಿದ್ದ. ಈಜಿಪ್ಟ್ ಹಿಡಿದರೆ ಬ್ರಿಟಿಷರಿಗೆ ಭಾರತದ ದಾರಿಯಲ್ಲಿ ತೊಂದರೆ ಕೊಡಬಹುದು, ಭಾರತದಲ್ಲಿ ಬ್ರಿಟಿಷರ ವಿರುದ್ಧ ನಿಂತಿದ್ದ ಟಿಪ್ಪುವಿನ ಜೊತೆ ಕೈ ಜೋಡಿಸಬಹುದು ಅನ್ನುವುದು ಫ್ರೆಂಚರ ಯೋಚನೆಯಲ್ಲಿತ್ತು. ದಾರಿಯಲ್ಲಿ ಸಿಕ್ಕಿದ್ದು ಮಾಲ್ಟಾ. ಆಗ ಅದನ್ನು ಆಳುತ್ತಿದ್ದವರು ಸೇಂಟ್ ಜಾನ್‌ನ ನೈಟ್‌ಗಳು. ಯುದ್ಧವನ್ನೂ ಆಸ್ಪತ್ರೆಯ ಸೇವೆಯನ್ನೂ ವ್ರತದಂತೆ ಹಿಡಿದಿದ್ದ ಕ್ರೈಸ್ತ ಪಂಗಡ ಅದು. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಅವರಿಗೆ ಈ ದ್ವೀಪಗಳನ್ನು ಕೊಟ್ಟಿದ್ದ. ವರ್ಷಕ್ಕೊಂದು ಡೇಗೆ ಹಕ್ಕಿ ಕಾಣಿಕೆಯಾಗಿ ಕೊಡಬೇಕು ಅನ್ನುವುದು ಕರಾರು. 1565ರಲ್ಲಿ ಆಟೋಮನ್ ತುರ್ಕರ ದೊಡ್ಡ ಸೈನ್ಯ ಮುತ್ತಿಗೆ ಹಾಕಿದಾಗ ಇದೇ ನೈಟ್‌ಗಳು ಸ್ಥಳೀಯರ ಜೊತೆ ಸೇರಿ ತಿಂಗಳುಗಟ್ಟಲೆ ತಡೆದು ನಿಂತಿದ್ದರು. ಮರುವರ್ಷ ಕಟ್ಟಲು ಶುರು ಮಾಡಿದ ರಾಜಧಾನಿಗೆ ಅವರ ಮುಖ್ಯಸ್ಥ ಲಾ ವಲೆಟ್‌ನ ಹೆಸರನ್ನೇ ಇಟ್ಟರು. ಅದೇ ವಲೆಟ್ಟಾ. ಆದರೆ 1798ರ ಹೊತ್ತಿಗೆ ಆ ಕಸುವು ಉಳಿದಿರಲಿಲ್ಲ. ನೈಟ್‌ಗಳಲ್ಲಿ ಬಹಳ ಜನ ಫ್ರೆಂಚರೇ ಆಗಿದ್ದರು. ಕೆಲವೇ ದಿನಗಳಲ್ಲಿ ಶರಣಾದರು.

ನೆಪೋಲಿಯನ್ ವಲೆಟ್ಟಾದಲ್ಲಿ ಉಳಿದದ್ದು ಒಂದು ವಾರವೂ ಇಲ್ಲ. ಅಷ್ಟರಲ್ಲೇ ಗುಲಾಮಗಿರಿಯನ್ನು ರದ್ದು ಮಾಡಿದ. ಕಾನೂನು ಬದಲಿಸಿದ. ಚರ್ಚುಗಳ ಬೆಳ್ಳಿಯನ್ನೂ ಹೊತ್ತೊಯ್ದ. ಅಲ್ಲಿಂದ ಹಡಗುಗಳು ನೇರ ಈಜಿಪ್ಟಿಗೆ ಹೋದವು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಅವನು ಬರೆದ ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಇತ್ತ ಮಾಲ್ಟಾದ ಜನ ಫ್ರೆಂಚರ ವಿರುದ್ಧ ದಂಗೆ ಎದ್ದರು. ಫ್ರೆಂಚ್ ಸೈನಿಕರನ್ನು ವಲೆಟ್ಟಾದ ಗೋಡೆಯೊಳಗೆ ಕೂಡಿಹಾಕಿ, ಬ್ರಿಟಿಷರ ಸಹಾಯ ತೆಗೆದುಕೊಂಡರು. 1800ರಲ್ಲಿ ಫ್ರೆಂಚರು ಹೋದರು. ಸಹಾಯಕ್ಕೆ ಬಂದ ಬ್ರಿಟಿಷರು ಮಾತ್ರ ಹೋಗಲಿಲ್ಲ. ಮಾಲ್ಟಾ ಸ್ವತಂತ್ರವಾದದ್ದು 1964ರ ಸೆಪ್ಟೆಂಬರ್ 21ರಂದು.

ಇದನ್ನೆಲ್ಲ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಂದ್ರೆ ಅವರಿಗೂ ನಮಗೂ ಒಂದೇ ಕಾಲದಲ್ಲಿ ಒಂದೇ ಕಷ್ಟ" ಅಂದಳು. ನಾನು ಅಷ್ಟು ಓದಿ ಹೇಳಲಾಗದ್ದನ್ನು ಅವಳು ಒಂದೇ ಸಾಲಿನಲ್ಲಿ ಹೇಳಿದಳು.

ಸಂಬಂಧ ಅಲ್ಲಿಗೇ ನಿಲ್ಲುವುದಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಭಾರತ ಮತ್ತು ಇಂಗ್ಲೆಂಡ್ ನಡುವಿನ ಹಡಗುಗಳಿಗೆ ಮಾಲ್ಟಾ ಒಂದು ತಂಗುದಾಣವಾಯಿತು. 1878ರಲ್ಲಿ ರಷ್ಯಾ ಮತ್ತು ತುರ್ಕಿಯ ಜಗಳದ ಕಾಲದಲ್ಲಿ ಬ್ರಿಟಿಷರು ಸುಮಾರು 7 ಸಾವಿರ ಭಾರತೀಯ ಸೈನಿಕರನ್ನು ತಂದು ಇಲ್ಲಿ ಇಳಿಸಿದ್ದರು. 1888ರಲ್ಲಿ ಬ್ಯಾರಿಸ್ಟರ್ ಓದಲು ಹೊರಟ ಗಾಂಧೀಜಿಯ ಹಡಗು ಕೂಡ ಇಲ್ಲಿ ನಿಂತಿತ್ತು. ಸಿಂಧಿ ವ್ಯಾಪಾರಿಗಳು ಹತ್ತೊಂಬತ್ತನೇ ಶತಮಾನದ ಕೊನೆಗೇ ವಲೆಟ್ಟಾದಲ್ಲಿ ಅಂಗಡಿ ಇಟ್ಟರು. ಅವರ ಮನೆತನಗಳು ಈಗಲೂ ಅಲ್ಲಿವೆ. ಈಗಂತೂ ನರ್ಸ್‌ಗಳು, ಬಸ್ ಚಾಲಕರು, ಮನೆಮನೆಗೆ ಊಟ ತಲುಪಿಸುವ ಹುಡುಗರು ಅಂತ ಭಾರತೀಯರು ಎಲ್ಲ ಕಡೆ ಇದ್ದಾರೆ. ನಮ್ಮ ಪರಿಚಯದ ಉಡುಪಿ ಕಡೆಯ ಹುಡುಗಿಯೊಬ್ಬಳು ಅಲ್ಲಿ ನರ್ಸ್. ಯೋಜನೆಯ ಸಣ್ಣಪುಟ್ಟ ವಿಷಯಗಳೆಲ್ಲ ಅವಳ ಜೊತೆ ಫೋನಿನಲ್ಲಿ ಮಾತಾಡಿಯೇ ಗೊತ್ತಾಗಿದ್ದು.

ಇನ್ನು ಯಾವಾಗ ಹೋಗುವುದು? ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಯುರೋಪಿನವರಿಗೆ ಮಾಲ್ಟಾ ಅಂದರೆ ಬೇಸಿಗೆ, ಈಜು, ನೀಲಿ ಸಮುದ್ರ. ಜುಲೈ ಆಗಸ್ಟ್‌ನಲ್ಲಿ ದ್ವೀಪ ತುಂಬಿ ತುಳುಕುತ್ತದೆ. ಐದೂವರೆ ಲಕ್ಷದಷ್ಟು ಜನರಿರುವ ದೇಶಕ್ಕೆ 2024ರಲ್ಲಿ ಬಂದ ಪ್ರವಾಸಿಗರು 35 ಲಕ್ಷಕ್ಕೂ ಹೆಚ್ಚು. ಈ ಅಂಕಿ ನೋಡಿದ ಮೇಲೆ ನಾನು ಹೋಟೆಲ್ ಹುಡುಕುವುದನ್ನು ಬಿಟ್ಟು, ಇಷ್ಟು ಜನರಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಹುಡುಕಲು ಶುರು ಮಾಡಿದೆ.

ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ದೊಡ್ಡ ಕೆರೆ ಇಲ್ಲ. ಎತ್ತರದ ಬೆಟ್ಟವಿಲ್ಲ, ಇರುವುದರಲ್ಲಿ ಎತ್ತರದ ಜಾಗ ಅಂದರೆ 253 ಮೀಟರ್. ಮಳೆ ಬರುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಸುಣ್ಣಕಲ್ಲಿನ ನೆಲದೊಳಗೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ಒಂದು ಪದರವಾಗಿ ತೇಲಿಕೊಂಡಿರುತ್ತದೆ. ಬೋರ್‌ವೆಲ್ ಹಾಕಿ ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ವಲೆಟ್ಟಾ ಕಟ್ಟುವಾಗ ಪ್ರತಿ ಮನೆಯೂ ಮಳೆನೀರಿಗೆ ನೆಲದೊಳಗೆ ತೊಟ್ಟಿ ಕೊರೆಯಲೇಬೇಕು ಅನ್ನುವ ನಿಯಮ ಇತ್ತು. ಅದೂ ಸಾಲದೆ, 1610ರಿಂದ 1615ರವರೆಗೆ ವಿನ್ಯಾಕೂರ್ ಅನ್ನುವ ಮುಖ್ಯಸ್ಥನ ಕಾಲದಲ್ಲಿ ರಬಾತ್ ಕಡೆಯ ಎತ್ತರದ ನೆಲದ ಊಟೆಗಳಿಂದ ರಾಜಧಾನಿಗೆ ನೀರು ತರಲು ಕಲ್ಲಿನ ಮೇಲ್ಗಾಲುವೆ ಕಟ್ಟಿದರು. ಅದರ ಕಮಾನುಗಳು ಅತ್ತಾರ್ದ್ ಊರಿನಿಂದ ಬರುವ ರಸ್ತೆಯ ಪಕ್ಕ ಈಗಲೂ ನಿಂತಿವೆ.

ಈಗ ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ್ದು. 1980ರ ದಶಕದಿಂದ ರಿವರ್ಸ್ ಆಸ್ಮೋಸಿಸ್ ಘಟಕಗಳು ಉಪ್ಪು ತೆಗೆದು ಕೊಡುತ್ತಿವೆ. ನಮ್ಮನೆಯ ಅಡುಗೆಮನೆಯ ಆರ್‌ಓ ಯಂತ್ರ ಮಾಡುವ ಕೆಲಸವನ್ನೇ ಒಂದಿಡೀ ದೇಶಕ್ಕೆ ಮಾಡಬೇಕು. ಅದಕ್ಕೆ ಕರೆಂಟು ಬೇಕು. 2015ರಿಂದ ಸಮುದ್ರದ ತಳದ ಕೇಬಲ್‌ನಲ್ಲಿ ಸಿಸಿಲಿಯಿಂದಲೂ ಕರೆಂಟು ಬರುತ್ತದೆ. ಆದರೂ 2023ರ ಜುಲೈನ ಬಿಸಿಗಾಳಿಯಲ್ಲಿ ದಿನಗಟ್ಟಲೆ ಅಲ್ಲಲ್ಲಿ ಕರೆಂಟು ಹೋಗಿ ಜನ ಒದ್ದಾಡಿದರು.

ಇದನ್ನು ತಿಳಿದ ಮೇಲೆ ಆಗಸ್ಟ್‌ನಲ್ಲಿ ಅಲ್ಲಿ ಹೋಗಿ ದಿನಕ್ಕೆರಡು ಸಲ ಸ್ನಾನ ಮಾಡಲು ನನಗೆ ಮನಸ್ಸಾಗುವುದಿಲ್ಲ. ಯಾರೂ ತಡೆಯುವುದಿಲ್ಲ, ದುಡ್ಡು ಕೊಟ್ಟಿರುತ್ತೇವೆ, ಎಲ್ಲ ನಿಜ. ಆದರೆ ಬೇಸಿಗೆ ಬಂತೆಂದರೆ ಟ್ಯಾಂಕರ್ ದಾರಿ ಕಾಯುವ ಬೆಂಗಳೂರಿನ ಬಡಾವಣೆಯಲ್ಲಿ ಬದುಕುವವಳು ನಾನು. ಇನ್ನೊಬ್ಬರ ಊರಿನ ಬರಗಾಲದ ತಿಂಗಳಲ್ಲಿ ನೆಂಟಳಾಗಿ ಹೋಗುವುದು ಸರಿ ಅನ್ನಿಸಲಿಲ್ಲ.

ಹಾಗಾದರೆ ಮಾರ್ಚ್. ಮಳೆ ಮುಗಿಯುತ್ತಾ ಬಂದಿರುತ್ತದೆ, ಹೊಲಗಳು ಹಸಿರಾಗಿರುತ್ತವೆ, ಹಳದಿ ಸೇವಂತಿಗೆಯಂಥ ಕಾಡುಹೂಗಳು ಕಲ್ಲುಗೋಡೆಗಳ ಸಂದಿಯಲ್ಲೆಲ್ಲ ಅರಳಿರುತ್ತವೆ. ಹಗಲು 17 ಡಿಗ್ರಿ ಆಸುಪಾಸು. ಸಮುದ್ರ ತಣ್ಣಗಿರುತ್ತದೆ. ನಮ್ಮಲ್ಲಿ ಈಜುವವರು ಯಾರೂ ಇಲ್ಲ, ಹಾಗಾಗಿ ಚಿಂತೆಯಿಲ್ಲ. "ಹೊರಗಡೆಗಿಂತ ಮನೆ ಒಳಗೇ ಚಳಿ ಆಂಟಿ, ಕಲ್ಲಿನ ಮನೆ, ತೇವ ಜಾಸ್ತಿ. ಸ್ವೆಟರ್ ಜೊತೆ ಕಾಲುಚೀಲ ಮರೀಬೇಡಿ" ಅಂತ ಆ ಹುಡುಗಿ ಅಮ್ಮನಿಗೆ ಹೇಳಿದ್ದಾಳೆ.

ಅಮ್ಮನ ಕಡೆಯಿಂದ ಒಂದೇ ಷರತ್ತು: ಯುಗಾದಿಗೆ ಮನೆಯಲ್ಲಿರಬೇಕು. ಬೇವು ಬೆಲ್ಲ ಹೊರದೇಶದಲ್ಲಿ ತಿನ್ನುವುದು ಅವಳಿಗೆ ಒಪ್ಪಿಗೆಯಿಲ್ಲ. ಮುಂದಿನ ಯುಗಾದಿ ಏಪ್ರಿಲ್‌ಗೆ ಬಿದ್ದಿದೆ. ಮಾರ್ಚ್ ಕೊನೆಯ ಎರಡು ವಾರ ನಮಗೆ ಖಾಲಿ ಸಿಕ್ಕಿತು.

ಆ ಎರಡು ವಾರದಲ್ಲಿ ಏನೆಲ್ಲ ಬರುತ್ತದೆ ಅಂತ ನೋಡಿದಾಗ ನಿಜಕ್ಕೂ ಖುಷಿಯಾಯಿತು. ಮೊದಲನೆಯದು ಮಾರ್ಚ್ 20ರ ಸುಮಾರಿಗೆ ಬರುವ, ಹಗಲು ರಾತ್ರಿ ಸಮವಾಗುವ ದಿನ. ಮಾಲ್ಟಾದ ದಕ್ಷಿಣ ದಂಡೆಯಲ್ಲಿ, ಸಮುದ್ರ ನೋಡುವ ಇಳಿಜಾರಿನಲ್ಲಿ ಇಮ್‌ನೈದ್ರಾ ಅನ್ನುವ ಕಲ್ಲಿನ ದೇವಾಲಯಗಳಿವೆ. ಸ್ವಲ್ಪ ಮೇಲೆ ಹಜರ್ ಈಮ್ ಅನ್ನುವ ಇನ್ನೊಂದು. ಇವನ್ನು ಕಟ್ಟಿದ್ದು ಕ್ರಿಸ್ತಪೂರ್ವ 3600ರಿಂದ 2500ರ ನಡುವೆ. ಗೋಜೋ ದ್ವೀಪದ ಜ್ಗಂತಿಯಾ ದೇವಾಲಯವನ್ನು ಕಟ್ಟುವಾಗ ಈಜಿಪ್ಟಿನಲ್ಲಿ ಇನ್ನೂ ಪಿರಮಿಡ್ಡುಗಳೇ ಇರಲಿಲ್ಲ. ಕಬ್ಬಿಣ ಇಲ್ಲ, ಕಂಚೂ ಇಲ್ಲ. ಕಲ್ಲಿನ ಉಳಿಯಿಂದ ಕಲ್ಲನ್ನು ಕೆತ್ತಿ, ಟನ್‌ಗಟ್ಟಲೆ ತೂಕದ ಬಂಡೆಗಳನ್ನು ನಿಲ್ಲಿಸಿದ ಜನ. ಇಮ್‌ನೈದ್ರಾದ ಕೆಳಗಿನ ದೇವಾಲಯದಲ್ಲಿ ಸಮರಾತ್ರಿಯ ದಿನ ಹುಟ್ಟುವ ಸೂರ್ಯನ ಬೆಳಕು ಬಾಗಿಲಿನಿಂದ ನೇರ ಒಳಗೆ, ನಡುಗೂಡಿನವರೆಗೆ ಬೀಳುತ್ತದೆ. ವರ್ಷದ ಅತಿ ಉದ್ದ ಮತ್ತು ಅತಿ ಚಿಕ್ಕ ಹಗಲುಗಳಂದು ಬಾಗಿಲಿನ ಎಡಬಲದ ಕಲ್ಲಂಚುಗಳನ್ನು ಮುಟ್ಟುತ್ತದೆ. ಅಲ್ಲಿನ ಹೆರಿಟೇಜ್ ಮಾಲ್ಟಾ ಸಂಸ್ಥೆ ಈ ದಿನಗಳಲ್ಲಿ ಬೆಳಗಿನ ಜಾವ ಕೆಲವೇ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತದೆ. ಟಿಕೆಟ್ ಸಿಗಬೇಕು, ಜೊತೆಗೆ ಮೋಡ ಇರಬಾರದು. ಗವಿಗಂಗಾಧರೇಶ್ವರನಲ್ಲಿ ಸಂಕ್ರಾಂತಿಯ ಸಂಜೆ ಮೋಡ ಕವಿದು ವಾಪಸ್ ಬಂದ ಅನುಭವ ಅಮ್ಮನಿಗಿದೆ. "ದೇವರು ಕಾಣಿಸಿಕೊಂಡ್ರೆ ಸರಿ, ಇಲ್ದಿದ್ರೆ ನಾವು ಹೋಗಿ ನಿಂತಿದ್ದೇ ಆಯ್ತು" ಅಂದಳು.

ಎದುರಿಗೆ ಸಮುದ್ರದಲ್ಲಿ ಫಿಲ್‌ಫ್ಲಾ ಅನ್ನುವ ಪುಟ್ಟ ಬಂಡೆ ದ್ವೀಪ ಕಾಣುತ್ತದೆ. ಬ್ರಿಟಿಷರು ಅದನ್ನು ವರ್ಷಗಟ್ಟಲೆ ಗುರಿ ಅಭ್ಯಾಸಕ್ಕೆ ಬಳಸಿ, ಬಾಂಬು ಹಾಕಿ ಸವೆಸಿದರು. ಈಗ ಅದು ಹಕ್ಕಿಗಳ ರಕ್ಷಿತ ಜಾಗ.

ಇನ್ನೊಂದು ನೋಡಲೇಬೇಕಾದ ಜಾಗ ಪಾವ್ಲಾ ಊರಿನ ನೆಲದೊಳಗಿದೆ. ಹಾಲ್ ಸಫ್ಲಿಯೆನಿಯ ಹೈಪೊಜಿಯಂ. ಅಂದಾಜು 7 ಸಾವಿರ ಜನರನ್ನು ಹೂಳಿದ್ದ, ಬಂಡೆಯಲ್ಲಿ ಕೊರೆದ ಮೂರು ಅಂತಸ್ತಿನ ಕೋಣೆಗಳು. ಗೋಡೆಯ ಮೇಲೆ ಕೆಮ್ಮಣ್ಣಿನ ಸುರುಳಿ ಚಿತ್ರಗಳು. ಇದು ಹೊರಬಂದದ್ದು 1902ರಲ್ಲಿ, ಮೇಲೆ ಮನೆ ಕಟ್ಟುವವರು ನೀರಿನ ತೊಟ್ಟಿ ಕೊರೆಯುವಾಗ! ನೀರಿಲ್ಲದ ದೇಶದಲ್ಲಿ ನೀರಿಗಾಗಿ ತೋಡಿದಾಗ ಐದು ಸಾವಿರ ವರ್ಷದ ಹಿಂದಿನವರು ಸಿಕ್ಕಿದರು. ಅಲ್ಲಿ ಸಿಕ್ಕ, ಒಂದು ಪಕ್ಕಕ್ಕೆ ಮಲಗಿದ ಹೆಂಗಸಿನ ಅಂಗೈಯಗಲದ ಮಣ್ಣಿನ ಗೊಂಬೆ ಈಗ ವಲೆಟ್ಟಾದ ಮ್ಯೂಸಿಯಂನಲ್ಲಿದೆ. ಹೈಪೊಜಿಯಂ ಒಳಗೆ ನಮ್ಮ ಉಸಿರಿನಿಂದಲೇ ಗೋಡೆಗಳು ಹಾಳಾಗುತ್ತವೆ. ಅದಕ್ಕೇ ಒಂದು ಸಲಕ್ಕೆ 10 ಜನ, ದಿನಕ್ಕೆ 80 ಜನ ಅಷ್ಟೇ. ಫೋಟೋ ತೆಗೆಯುವ ಹಾಗಿಲ್ಲ. ವಾರಗಳ ಮೊದಲೇ ಟಿಕೆಟ್ ಮುಗಿಯುತ್ತವೆ. ಎರಡು ದಿನದ ಪ್ರವಾಸದಲ್ಲಿ ಇದು ಸಿಗುವುದು ಕಷ್ಟ. ನಮ್ಮ ಪಟ್ಟಿಯಲ್ಲಿ ಮೊದಲು ಟಿಕೆಟ್ ತೆಗೆಯಬೇಕಾದದ್ದು ಇದಕ್ಕೆ. ವಿಮಾನದ ಟಿಕೆಟ್ ಆಮೇಲೆ.

ವಿಮಾನ, ವೀಸಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಗಲ್ಫ್ ಕಡೆಯಿಂದಲೋ ಯುರೋಪಿನ ಯಾವುದಾದರೂ ಊರಿನಿಂದಲೋ ಬದಲಿಸಬೇಕು. ಮಾಲ್ಟಾ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು, 2007ರಲ್ಲಿ ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವ್ಯವಸ್ಥೆ ಸೇರಿತು, 2008ರಿಂದ ಯೂರೋ. ಹಾಗಾಗಿ ಷೆಂಗೆನ್ ವೀಸಾ ಬೇಕು. 2024ರಲ್ಲಿ ದೊಡ್ಡವರಿಗೆ ಶುಲ್ಕ 90 ಯೂರೋ ಆಯಿತು. ಕನಿಷ್ಠ 30 ಸಾವಿರ ಯೂರೋ ವೈದ್ಯಕೀಯ ವಿಮೆ ಇರಲೇಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಪ್ಲಗ್ ಬ್ರಿಟನ್ನಿನದು, ಮೂರು ಚಪ್ಪಟೆ ಕಡ್ಡಿ. ಗಾಡಿ ಓಡುವುದು ನಮ್ಮ ಹಾಗೆ ಎಡಗಡೆ.

ಎಡಗಡೆ ಓಡುತ್ತದೆ ಅಂದ ಕೂಡಲೇ ನಮ್ಮನೆಯವರು ಕಾರು ಬಾಡಿಗೆಗೆ ತಗೊಳ್ಳೋಣ ಅಂದರು. ನನಗೆ ಬೇಡ. ಆ ದ್ವೀಪದಲ್ಲಿ ಈಗಾಗಲೇ ಇರುವ ಕಾರುಗಳೇ ಜಾಸ್ತಿ ಅಂತ ಅಲ್ಲಿಯವರೇ ಗೋಳಾಡುತ್ತಾರೆ. ಬಸ್ಸು ದೇಶದ ಎಲ್ಲ ಮೂಲೆಗೂ ಹೋಗುತ್ತದೆ. ಒಂದು ಟಿಕೆಟ್ ತೆಗೆದರೆ 2 ಗಂಟೆಯೊಳಗೆ ಬಸ್ ಬದಲಿಸಬಹುದು. 2022ರ ಅಕ್ಟೋಬರ್‌ನಿಂದ ಅಲ್ಲಿನ ನಿವಾಸಿಗಳಿಗೆ ಬಸ್ ಉಚಿತ. ಹಾಗಾಗಿ ಬಸ್ಸು ತುಂಬಿರುತ್ತದೆ, ತಡವಾಗುತ್ತದೆ. ಅಮ್ಮನಿಗೆ ಸೀಟು ಸಿಗುತ್ತದಾ ಅನ್ನುವ ಚಿಂತೆ ಇವರಿಗೆ. ಕೊನೆಗೆ ಒಪ್ಪಿದ್ದು ಹೀಗೆ: ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಜನ ಕೆಲಸಕ್ಕೆ ಹೋಗುವ ಹೊತ್ತು ಕಳೆದ ಮೇಲೆ ಹೊರಡುವುದು, ಶಾಲೆ ಬಿಡುವ ಹೊತ್ತಿಗೆ ಮೊದಲು ವಾಪಸ್. ಅವಸರವಿಲ್ಲದಿದ್ದರೆ ಬಸ್ಸು ತಡವಾದರೆ ಏನು ಕಷ್ಟ?

ಉಳಿದುಕೊಳ್ಳುವ ಜಾಗಕ್ಕೂ ಇದೇ ಲೆಕ್ಕ ಹಾಕಿದೆ. ವಲೆಟ್ಟಾ ಬಹಳ ಚಂದ. ಜೇನುಬಣ್ಣದ ಕಲ್ಲಿನ ಮನೆಗಳು, ಬಣ್ಣ ಬಳಿದ ಮರದ ಮುಚ್ಚಿದ ಬಾಲ್ಕನಿಗಳು, ಪಟ್ಟಿ ಹಿಡಿದು ಎಳೆದಂತೆ ನೇರ ಬೀದಿಗಳು. ಆದರೆ ಆ ಬೀದಿಗಳಲ್ಲಿ ಬಹಳಷ್ಟು ಮೆಟ್ಟಿಲು. ಅಮ್ಮನ ಮಂಡಿಗೆ ಆಗುವುದಿಲ್ಲ. ದಂಡೆಯ ಸ್ಲೀಮಾದಲ್ಲಿ ಹೋಟೆಲುಗಳು ಬೇಕಾದಷ್ಟಿವೆ, ಜೊತೆಗೆ ಕಟ್ಟಡ ಕಟ್ಟುವ ಕ್ರೇನುಗಳೂ. ನಾವು ಆರಿಸಿದ್ದು ದ್ವೀಪದ ನಡುವೆ, ಎತ್ತರದ ಮೇಲಿರುವ ರಬಾತ್. ಪಕ್ಕದಲ್ಲೇ ಹಳೆಯ ರಾಜಧಾನಿ ಇಮ್ದಿನಾ. ಅದರ ಕೋಟೆಯೊಳಗೆ ಈಗ ಕೆಲವು ನೂರು ಜನರಷ್ಟೇ ವಾಸ. ಹಗಲು ಪ್ರವಾಸಿ ಗುಂಪುಗಳು ಬಂದು ಹೋಗುತ್ತವೆ. ಸಂಜೆ ಅವರೆಲ್ಲ ಹೋದ ಮೇಲೆ ಅಮ್ಮನ ಕೈ ಹಿಡಿದು ಅಲ್ಲಿ ನಿಧಾನ ನಡೆಯಬಹುದು. ಡಿಂಗ್ಲಿ ಬಂಡೆಗಳಿಗೂ ಇಮ್‌ನೈದ್ರಾ ಕಡೆಗೂ ರಬಾತ್‌ನಿಂದ ಹತ್ತಿರ.

ವಲೆಟ್ಟಾಗೆ ದಿನದ ಮಟ್ಟಿಗೆ ಹೋಗುತ್ತೇವೆ. ಬಂದರಿನಿಂದ ಮೇಲಿನ ಬರಾಕ್ಕಾ ತೋಟಕ್ಕೆ 2012ರಲ್ಲಿ ಹಾಕಿದ 58 ಮೀಟರ್ ಎತ್ತರದ ಲಿಫ್ಟ್ ಇದೆ, ಅಮ್ಮನಿಗೆ ಅದೇ ದಾರಿ. ಸೇಂಟ್ ಜಾನ್ ಕೊ-ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚಿಗೆ ಒಂದು ಬೆಳಗ್ಗೆ ಪೂರ್ತಿ ಇಟ್ಟಿದ್ದೇನೆ. ಅದರ ನೆಲವೇ ಸುಮಾರು 400 ನೈಟ್‌ಗಳ ಬಣ್ಣಬಣ್ಣದ ಅಮೃತಶಿಲೆಯ ಸಮಾಧಿಗಳು. ಮೊನಚು ಹಿಮ್ಮಡಿಯ ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಅಲ್ಲೇ ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ, ಸಂತ ಜಾನ್‌ನ ತಲೆ ಕಡಿಯುವ ಚಿತ್ರ ಇದೆ. ಅವನು ಸಹಿ ಹಾಕಿದ್ದು ಇದೊಂದೇ ಚಿತ್ರಕ್ಕೆ. ಆ ಸಹಿ ಕೂಡ ಚಿತ್ರದ ನೆಲದಲ್ಲಿ ಹರಿದ ರಕ್ತದಲ್ಲಿದೆ. ರೋಮ್‌ನಲ್ಲಿ ಕೊಲೆ ಮಾಡಿ ಓಡಿಬಂದವನು, ನೈಟ್ ಪದವಿ ಪಡೆದು, ಅದೇ ವರ್ಷ ಮತ್ತೆ ಜಗಳವಾಡಿ ಜೈಲು ಸೇರಿ, ಅಲ್ಲಿಂದಲೂ ಪರಾರಿಯಾದ.

ಕೆಥೆಡ್ರಲ್ ಹತ್ತಿರವೇ, ನ್ಯಾಯಾಲಯದ ಎದುರಿನ ಸ್ಮಾರಕದ ಬುಡದಲ್ಲಿ ಹೂವು, ಮೋಂಬತ್ತಿ, ಒಬ್ಬ ಹೆಂಗಸಿನ ಫೋಟೋ ಇಟ್ಟಿರುತ್ತಾರೆ. ಡಾಫ್ನಿ ಕಾರುವಾನಾ ಗಲೀಜಿಯಾ, ಪತ್ರಕರ್ತೆ. ಅಧಿಕಾರದಲ್ಲಿದ್ದವರ ಭ್ರಷ್ಟಾಚಾರದ ಬಗ್ಗೆ ಬರೆದವರು. 2017ರ ಅಕ್ಟೋಬರ್ 16ರಂದು ಅವರ ಕಾರಿಗೆ ಬಾಂಬು ಇಟ್ಟು ಕೊಂದರು. ಅದೇ ವರ್ಷ, ಒಂದೂವರೆ ತಿಂಗಳ ಹಿಂದಷ್ಟೇ, ನಮ್ಮ ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆಯಾಗಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅಂತ ನಾನು ಬರೆದಿಟ್ಟುಕೊಂಡಿದ್ದೇನೆ.

ಊಟದ ಬಗ್ಗೆ ಹೆದರಿಕೆಯಿತ್ತು. ಮಾಲ್ಟಾ ಅಂದರೆ ಮೊಲದ ಸಾರು, ಮೀನು. ಇವರಿಗೆ ಮೀನು ಆಗುತ್ತದೆ, ಅಮ್ಮನಿಗೆ ಏನು? ಹುಡುಕುತ್ತಾ ಹೋದಂತೆ ಸಮಾಧಾನವಾಯಿತು. ಪಸ್ತಿತ್ಸಿ ಅನ್ನುವ ಪದರಪದರದ ಕಡುಬು ಬೀದಿಬೀದಿಯಲ್ಲಿ ಸಿಗುತ್ತದೆ. ಒಳಗೆ ರಿಕೊಟ್ಟಾ ಅನ್ನುವ ಚೀಸ್ ಇಲ್ಲವೇ ಬಟಾಣಿ. ಆದರೆ ಹಳೆಯ ಕ್ರಮದಲ್ಲಿ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆ. ಅಮ್ಮನಂತೆ ಮಾಂಸ ಮುಟ್ಟದವರು ಕೇಳಿಯೇ ತೆಗೆದುಕೊಳ್ಳಬೇಕು. ಟೊಮ್ಯಾಟೊ ಉಜ್ಜಿ, ಆಲಿವ್ ಎಣ್ಣೆ ಸುರಿದ ಗಟ್ಟಿ ಹೊರಪದರದ ಬ್ರೆಡ್ಡು, ಒಣ ಅವರೆಯಂಥ ಕಾಳನ್ನು ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ, ಖರ್ಜೂರ ತುಂಬಿ ಕರಿದ ಇಮ್‌ಆರೆತ್ ಇವೆಲ್ಲ ಅಮ್ಮನಿಗೆ ಹಿಡಿಸುತ್ತವೆ. ಅದರ ಮೇಲೆ, ನಾವು ಹೋಗುವುದು ಈಸ್ಟರ್ ಮುಂಚಿನ ಉಪವಾಸದ ಕಾಲ. ಆ ದಿನಗಳಿಗಾಗಿಯೇ ಮೊಟ್ಟೆ, ಬೆಣ್ಣೆ ಇಲ್ಲದೆ ಬಾದಾಮಿಯಲ್ಲಿ ಕ್ವಾರೆಜಿಮಾಲ್ ಅನ್ನುವ ಸಿಹಿ ಮಾಡುವ ಪದ್ಧತಿ ಇದೆ. ಅಮ್ಮ ಇದನ್ನು ಕೇಳಿ, "ಹಾಗಾದ್ರೆ ನಾವು ಹೋಗ್ತಿರೋದು ವ್ರತದ ಹೊತ್ತಿಗೆ, ಒಳ್ಳೇದಾಯ್ತು" ಅಂದಳು.

ಕೊಮಿನೋ ದ್ವೀಪದ ಬ್ಲೂ ಲಗೂನ್ ಬಿಟ್ಟಿದ್ದೇವೆ. ಮಾಲ್ಟಾದ ಜಾಹೀರಾತಿನಲ್ಲಿ ಎಲ್ಲರೂ ನೋಡುವ ಆ ತಿಳಿನೀಲಿ ನೀರು ಅಲ್ಲಿಯದೇ. ಸುಮಾರು ಮೂರೂವರೆ ಚದರ ಕಿಲೋಮೀಟರ್ ಜಾಗಕ್ಕೆ ಬೇಸಿಗೆಯಲ್ಲಿ ದೋಣಿ ಮೇಲೆ ದೋಣಿ ಜನ ಇಳಿದು, ಕಸ ತುಂಬಿ, 2025ರಿಂದ ಮೊದಲೇ ಹೆಸರು ಬರೆಸಿ ಹೋಗುವ ವ್ಯವಸ್ಥೆ ತಂದರು. ಮಾರ್ಚ್‌ನಲ್ಲಿ ಖಾಲಿ ಇರುತ್ತದೆ, ನಿಜ. ಆದರೂ ಅದರ ಬದಲು ಆ ದಿನಗಳನ್ನು ಗೋಜೋಗೆ ಕೊಡೋಣ ಅಂತ ನನ್ನ ವಾದ. ಮಾಲ್ಟಾ ದ್ವೀಪದ ಚಿರ್ಕೆವ್ವಾ ಬಂದರಿನಿಂದ ಹಡಗಿನಲ್ಲಿ 25 ನಿಮಿಷ. ಟಿಕೆಟ್ ಹೋಗುವಾಗ ಕೇಳುವುದಿಲ್ಲ, ವಾಪಸ್ ಬರುವಾಗ ಮಾತ್ರ. ಗೋಜೋ ಹಸಿರು ಜಾಸ್ತಿ, ಜನ ಕಡಿಮೆ. ದಂಡೆಯಲ್ಲಿ ಬಂಡೆ ಕೊರೆದು ಮಾಡಿದ ಉಪ್ಪಿನ ಮಡಿಗಳಿವೆ. ನಡುವೆ ಬೆಟ್ಟದ ಮೇಲೆ ಚಿತ್ತಾದೆಲ್ಲಾ ಕೋಟೆ. ಪಶ್ಚಿಮಕ್ಕೆ ದ್ವೈರಾ. ಅಲ್ಲಿ ಸಮುದ್ರದ ಮೇಲೆ ಬಾಗಿಲಿನಂತೆ ನಿಂತಿದ್ದ ಕಲ್ಲಿನ ಕಮಾನು 2017ರ ಮಾರ್ಚ್ 8ರ ಬಿರುಗಾಳಿಯಲ್ಲಿ ಕುಸಿದು ಹೋಯಿತು. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ಅದರ ಫೋಟೋ ಇನ್ನೂ ಇದೆ. ಮಾರ್ಚ್ ಗಾಳಿಗೆ ಹಡಗು ನಿಲ್ಲುವುದೂ ಉಂಟು. ಅದಕ್ಕೇ ಗೋಜೋದಿಂದ ವಾಪಸ್ ಬರುವುದಕ್ಕೂ ಊರಿಗೆ ಹೊರಡುವುದಕ್ಕೂ ನಡುವೆ ಕೆಲವು ದಿನ ಬಿಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ್ದು ಗುಡ್ ಫ್ರೈಡೇ ವಾರ. ಅದೂ ಈ ಸಲ ಮಾರ್ಚ್ ಕೊನೆಗೇ ಬರುತ್ತದೆ. ಗುರುವಾರ ಸಂಜೆ ಜನ ಏಳು ಚರ್ಚುಗಳಿಗೆ ನಡೆದು ಹೋಗುತ್ತಾರೆ. ಎಳ್ಳು ಹಚ್ಚಿದ, ಬಳೆಯಂಥ ದೊಡ್ಡ ರೊಟ್ಟಿ ಮಾರುತ್ತಾರೆ. ಶುಕ್ರವಾರ ಊರೂರಲ್ಲಿ ಕ್ರಿಸ್ತನ ಕೊನೆಯ ದಿನದ ಆಳೆತ್ತರದ ಮೂರ್ತಿಗಳನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ. ಆ ದಿನ ಬಹಳಷ್ಟು ಅಂಗಡಿ, ಮ್ಯೂಸಿಯಂ ಮುಚ್ಚಿರುತ್ತವೆ. ಭಾನುವಾರ ಬೆಳಿಗ್ಗೆ ಬಿರ್ಗು ಊರಲ್ಲಿ ಎದ್ದು ಬಂದ ಕ್ರಿಸ್ತನ ಮೂರ್ತಿಯನ್ನು ಹೊತ್ತು ಓಡುತ್ತಾರೆ. ಇವರಿಗೆ ಬಿರ್ಗುವಿನ ಓಟ ನೋಡಬೇಕು, ಅಂದರೆ ಶನಿವಾರವೇ ಗೋಜೋದಿಂದ ವಾಪಸ್ ಬರಬೇಕು. ನನಗೆ ಈಸ್ಟರ್ ಬೆಳಗ್ಗೆ ಗೋಜೋದಲ್ಲೇ ಇರುವ ಆಸೆ. ಅಮ್ಮ ಇಬ್ಬರ ಮಾತಿಗೂ ತಲೆ ಹಾಕಿಲ್ಲ. ಗುರುವಾರ ಏಳು ಚರ್ಚು ಸುತ್ತುವುದು ಮಾತ್ರ ತಾನು ಬಿಡುವುದಿಲ್ಲ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಬರುತ್ತೇನೆ ಅಂತ ಹೇಳಿಬಿಟ್ಟಿದ್ದಾಳೆ. ರಬಾತ್‌ನಲ್ಲೂ ಇಮ್ದಿನಾದಲ್ಲೂ ಒಟ್ಟು ಏಳು ಚರ್ಚು ನಡೆಯುವಷ್ಟು ಹತ್ತಿರದಲ್ಲಿ ಸಿಗುತ್ತವಾ ಅಂತ ನಕ್ಷೆಯಲ್ಲಿ ಈಗ ಅದನ್ನೇ ಗುರುತು ಹಾಕುತ್ತಿದ್ದೇನೆ.